ನೋಡುವ ಪೆಟ್ಟಿಗೆ

ನಮ್ಮ ಮನೆಯಲ್ಲಿ ಗಣಿ ಶುರುವಾಗಿದೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿದ್ದು ಒಂದು ಶನಿವಾರ ಸಂಜೆ. ಬೇರೆ ಊರಾಗಿದ್ದರೆ ಜನ ನಕ್ಕು ಮರೆತುಬಿಡುತ್ತಿದ್ದರು. ಆದರೆ ನಾವಿರುವುದು ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿ. ಹಿತ್ತಿಲಿಗೆ ಬಂದು ತಲೆಯೆತ್ತಿದರೆ ಸೈನೈಡ್ ದಿಬ್ಬ ಎದುರಿಗೇ ನಿಂತಿರುತ್ತದೆ. ಗಾಳಿ ಬೀಸಿದ ದಿನ ಅದರ ಧೂಳು ಒಣಹಾಕಿದ ಹಪ್ಪಳದ ಮೇಲೂ ಕೂರುತ್ತದೆ. 2001ರ ಫೆಬ್ರವರಿ ಕೊನೆಗೆ ಗಣಿಗಳು ಮುಚ್ಚಿದ ಮೇಲೆ, ‘ಮತ್ತೆ ತೆರೆಯುತ್ತಾರಂತೆ’ ಎಂಬ ಮಾತನ್ನು ಇಲ್ಲಿಯವರು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಇಂಥ ಊರಿನಲ್ಲಿ, ‘ಕನ್ನಡ ಮೇಷ್ಟ್ರ ಮನೆಯಲ್ಲಿ ಮೈನಿಂಗ್ ನಡೀತಿದೆ’ ಎಂದರೆ ಅದು ನಗೆಮಾತಾಗುವುದು ಹೇಗೆ?

ಇದಕ್ಕೆಲ್ಲ ಕಾರಣ ನನ್ನ ಅಕ್ಕನ ಮಗ. ಅವನು ಐದಾರು ವರ್ಷ, ಊರಿನ ಸಾವಿರಾರು ಜನರಂತೆ, ಕತ್ತಲಿರುವಾಗಲೇ ಎದ್ದು ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಹಿಂತಿರುಗುತ್ತಿದ್ದವನು. ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿಯೇ ಕುಳಿತು ಕಂಪ್ಯೂಟರಿನ ಕೆಲಸ ಮಾಡುತ್ತಾನೆ. ಒಂದು ದಿನ ಕಾಫಿ ಕುಡಿಯುತ್ತ, “ಮಾವ, ಮನೆಯಲ್ಲಿ ಒಂದು ನೋಡ್ ಇಡೋಣ” ಎಂದ.

ಒಳಗೆ ಸೊಪ್ಪು ಬಿಡಿಸುತ್ತಿದ್ದ ನಮ್ಮ ತಾಯಿ, “ಏನನ್ನೋ ನೋಡೋದು?” ಎಂದು ಕೇಳಿದರು.

ಅದು ಇಂಗ್ಲಿಷಿನ ನೋಡ್, ಕನ್ನಡದ ನೋಡು ಅಲ್ಲ ಎಂದು ಹುಡುಗ ತಿಳಿಸಿ ಹೇಳಿದ. ಅಮ್ಮ ಆ ವ್ಯತ್ಯಾಸವನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಭಾಷೆಯ ಮೇಷ್ಟ್ರಾದ ನಾನು ಆಗ ಮನಸ್ಸಿನಲ್ಲೇ ನಕ್ಕೆ. ಸರಿಯಾಗಿ ಅರ್ಥಮಾಡಿಕೊಂಡವರು ಅಮ್ಮನೇ ಎಂದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು.

ಈ ಸಾಹಸದ ಮೂಲದಲ್ಲಿ ನನ್ನ ಸ್ವಾರ್ಥವೂ ಸ್ವಲ್ಪ ಇತ್ತು ಎಂದು ಒಪ್ಪಿಕೊಳ್ಳಬೇಕು. ಆರು ವರ್ಷದ ಹಿಂದೆ ಕೈಯಿಂದ ದುಡ್ಡು ಹಾಕಿ ನಾನೊಂದು ಪ್ರಬಂಧ ಸಂಕಲನ ಅಚ್ಚು ಹಾಕಿಸಿದ್ದೆ. ಅದರ ಮೂರು ಕಟ್ಟುಗಳು ಇಂದಿಗೂ ಮಂಚದ ಕೆಳಗೆ ವಿಶ್ರಾಂತಿ ಪಡೆಯುತ್ತಿವೆ. ಕಸ ಗುಡಿಸುವಾಗಲೆಲ್ಲ ನನ್ನ ಹೆಂಡತಿ ಪೊರಕೆಯ ಹಿಡಿಯಿಂದ ಅವುಗಳನ್ನು ಕುಟ್ಟಿ ನನ್ನ ಸಾಹಿತ್ಯಸೇವೆಯನ್ನು ಸ್ಮರಿಸುತ್ತಾಳೆ. ಹೊರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ‘ಪುಸ್ತಕದ ಬೆಲೆಯನ್ನು ಬಿಟ್‌ಕಾಯಿನ್‌ನಲ್ಲಿ ಕೊಡಬಹುದೇ ಸಾರ್?’ ಎಂದು ಕೇಳಿ ಬರೆದಿದ್ದ. ಅದನ್ನು ತೋರಿಸಿದ್ದೇ ತಡ, ಹುಡುಗನಿಗೆ ಉತ್ಸಾಹ ಬಂತು. ನಡುವೆ ಬ್ಯಾಂಕಿಲ್ಲ, ಕಂಪೆನಿಯಿಲ್ಲ, ಕಮಿಷನ್ನಿನವನಿಲ್ಲ. ಕೊಡುವವನ ಯಂತ್ರದಿಂದ ನಮ್ಮ ಮನೆಯ ಯಂತ್ರಕ್ಕೆ ಹಣ ಬರುತ್ತದೆ ಎಂದ. ಪುಸ್ತಕದ ಬೆಲೆ 120 ರೂಪಾಯಿ. ಅದನ್ನು ಪಡೆಯಲು ನಾವು ಸಾವಿರಾರು ರೂಪಾಯಿ ಖರ್ಚು ಮಾಡಿದೆವು. ಸಾಹಿತ್ಯದ ಆರ್ಥಿಕ ವ್ಯವಹಾರವೆಲ್ಲ ಹೀಗೆಯೇ ಇರುವುದರಿಂದ ನನಗೆ ಅದು ವಿಚಿತ್ರವೆನಿಸಲಿಲ್ಲ.

ಓದುಗರಲ್ಲಿ ಈ ವಿಷಯ ತಿಳಿಯದವರಿಗಾಗಿ ನಾನು ತಿಳಿದುಕೊಂಡಷ್ಟನ್ನು ಹೇಳುತ್ತೇನೆ. 2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಯಾರೋ ಒಂಬತ್ತು ಪುಟದ ಒಂದು ಲೇಖನವನ್ನು ಹೊರಗೆ ಬಿಟ್ಟರು. ಅವರು ಯಾರು, ಒಬ್ಬರೋ ಹಲವರೋ, ಇಂದಿಗೂ ಇತ್ಯರ್ಥವಾಗಿಲ್ಲ. ‘ಕವಿರಾಜಮಾರ್ಗ’ವನ್ನು ಬರೆದದ್ದು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ನಡೆಸಿಕೊಂಡು ಬಂದಿರುವ ನನಗೆ ಇದರಿಂದ ಒಂದು ಬಗೆಯ ಸಲಿಗೆ ಹುಟ್ಟಿತು. 2009ರ ಜನವರಿ 3ರಂದು ಲೆಕ್ಕದ ಪುಸ್ತಕದ ಮೊದಲ ಪುಟ ಆರಂಭವಾಯಿತು. ಅಂದಿನಿಂದ ಸುಮಾರು ಹತ್ತು ನಿಮಿಷಕ್ಕೊಂದು ಪುಟದಂತೆ ಅದು ಬೆಳೆಯುತ್ತಲೇ ಇದೆ. ಯಾರಿಂದ ಯಾರಿಗೆ ಎಷ್ಟು ಹೋಯಿತು ಎಂಬ ಪ್ರತಿಯೊಂದು ಸಾಲೂ ಅದರಲ್ಲಿದೆ. ಆದರೆ ಹೆಸರುಗಳಿಲ್ಲ, ಅಂಕೆ ಅಕ್ಷರಗಳ ಗುರುತುಗಳು ಮಾತ್ರ. ಈ ಪುಸ್ತಕದ ಮೂಲಪ್ರತಿ ಎಂಬುದು ಎಲ್ಲಿಯೂ ಇಲ್ಲ. ಲೋಕದ ತುಂಬ ಸಾವಿರಾರು ಮನೆ, ಕಚೇರಿಗಳಲ್ಲಿ ಪ್ರತಿಗಳಿವೆ, ಎಲ್ಲವೂ ಸಮಾನ. ಹಾಗೆ ಒಂದು ಪ್ರತಿಯನ್ನು ಇಟ್ಟುಕೊಂಡು, ಬಂದ ಪ್ರತಿ ಸಾಲನ್ನೂ ಸ್ವತಃ ತಾಳೆ ನೋಡುವ ಯಂತ್ರವೇ ನೋಡ್.

ಗಣಿಗಾರಿಕೆ ಬೇರೆ. ಹೊಸ ಪುಟವನ್ನು ಸೇರಿಸುವ ಹಕ್ಕಿಗಾಗಿ ದೊಡ್ಡ ದೊಡ್ಡ ಯಂತ್ರಗಳು ಹಗಲಿರುಳು ಅಂಕೆಗಳನ್ನು ತೂರುತ್ತಿರುತ್ತವೆ. ಗೆದ್ದವರಿಗೆ ಹೊಸ ನಾಣ್ಯ. ಮೊದಲು ಪುಟಕ್ಕೆ 50 ಸಿಗುತ್ತಿತ್ತು. 2012ರಲ್ಲಿ 25 ಆಯಿತು, 2016ರಲ್ಲಿ ಹನ್ನೆರಡೂವರೆ, 2020ರಲ್ಲಿ ಆರೂಕಾಲು, 2024ರ ಏಪ್ರಿಲ್‌ನಲ್ಲಿ 3.125. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಹುಟ್ಟುವಂತಿಲ್ಲ. ಇದನ್ನು ಹುಡುಗ ಮಹಾ ರಹಸ್ಯವೆಂಬಂತೆ ವಿವರಿಸಿದಾಗ ನಾನು, “ಇದರಲ್ಲೇನಿದೆಯಪ್ಪ ಹೊಸದು? ನಮ್ಮೂರಿನ ನೆಲ ಇದನ್ನೇ ನೂರಿಪ್ಪತ್ತು ವರ್ಷ ಮಾಡಿತಲ್ಲ” ಎಂದೆ. ಆರಂಭದ ದಿನಗಳಲ್ಲಿ ಟನ್ನು ಅದಿರಿಗೆ 40 ಗ್ರಾಮಿಗೂ ಮಿಕ್ಕಿ ಚಿನ್ನ ಕೊಟ್ಟ ಗಣಿ, ಮುಚ್ಚುವ ಹೊತ್ತಿಗೆ ಮೂರು ನಾಲ್ಕು ಗ್ರಾಮಿಗೆ ಇಳಿದಿತ್ತು. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಆಳ ಹೆಚ್ಚಿದಷ್ಟೂ ಫಲ ಕಡಿಮೆ, ಶ್ರಮ ಹೆಚ್ಚು. ನಾಕಾಮೊಟೊ ಮಹಾಶಯನು ತನ್ನ ಕೆಲಸಕ್ಕೆ ಗಣಿಯ ಹೋಲಿಕೆಯನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಯಂತ್ರ ಬಂತು. ಸೋಪಿನ ಡಬ್ಬಿಯಷ್ಟು ಗಾತ್ರದ ರಾಸ್‌ಬೆರಿ ಪೈ ಎಂಬ ಕಂಪ್ಯೂಟರು. ಅದಕ್ಕೆ ತಗುಲಿಸಿದ, ಎರಡು ಟೆರಾಬೈಟ್ ಹಿಡಿಯುವ ಒಂದು ಡಿಸ್ಕು. ಮೊದಲ ಪುಟದಿಂದ ಇಂದಿನವರೆಗಿನ ಲೆಕ್ಕ ಆರುನೂರು ಗಿಗಾಬೈಟಿಗೂ ಮಿಕ್ಕಿದ್ದು. ಇಳಿಸಿಕೊಂಡರೆ ಸಾಲದು, ಪ್ರತಿ ಸಾಲನ್ನೂ ಪರೀಕ್ಷಿಸಿಕೊಂಡು ಮುಂದೆ ಸಾಗಬೇಕು. ಬೇರೆಯವರು ಪರೀಕ್ಷಿಸಿದ ಪ್ರತಿಯನ್ನು ನಕಲು ಮಾಡಿಕೊಂಡರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. “ಆಗ ನಾವು ನೋಡಿದ ಹಾಗಾಗಲಿಲ್ಲ ಮಾವ, ಅವರು ನೋಡಿದ್ದನ್ನು ನಂಬಿದ ಹಾಗಾಯಿತು” ಎಂದ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮೌಲ್ಯಮಾಪನ ಮಾಡುವ ವೃತ್ತಿಯವನಾದ ನಾನು ಮರುಮಾತಾಡಲಿಲ್ಲ.

ಏಳು ದಿನ ಯಂತ್ರ ಓದಿತು. 2009 ಮುಗಿದು 2013 ಬಂತು. 2017ಕ್ಕೆ ಬರುವಾಗ ಅದರ ವೇಗ ಕುಗ್ಗಿತು, ಮೈ ಬಿಸಿಯಾಯಿತು. ಎಂಟನೆಯ ದಿನ ಬೆಳಗ್ಗೆ ನನ್ನ ಹೆಂಡತಿ ಚಟ್ನಿ ರುಬ್ಬಲು ಮಿಕ್ಸಿಗೆ ಜಾಗ ಬೇಕಾಗಿ ಅದರ ಪ್ಲಗ್ಗನ್ನು ಕಿತ್ತಳು. ಬರೆಯುತ್ತಿದ್ದ ಕೈ ಹಾಗೆಯೇ ನಿಂತು, ಲೆಕ್ಕ ಕೆಟ್ಟು, ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. “ಹದಿನಾರು ವರ್ಷದ ಲೆಕ್ಕ ಒಂದು ಚಟ್ನಿಗೆ ಹೋಯಿತು” ಎಂದು ಹುಡುಗ ತಲೆಯ ಮೇಲೆ ಕೈಹೊತ್ತ. “ದೋಸೆ ತಿನ್ನುವಾಗ ಈ ವೈರಾಗ್ಯ ಇರಲಿಲ್ಲವಲ್ಲ” ಎಂದಳು ಅವಳು. 1902ರಲ್ಲಿ, ಬೆಂಗಳೂರಿಗೂ ಮೊದಲೇ, ಶಿವನಸಮುದ್ರದಿಂದ ನೂರಾ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ತಂತಿಯೆಳೆದು ವಿದ್ಯುಚ್ಛಕ್ತಿ ತಂದ ಊರು ನಮ್ಮದು. ಆ ಊರಿನಲ್ಲಿ ಒಂದು ಸೋಪಿನ ಡಬ್ಬಿಯನ್ನು ಎಚ್ಚರವಾಗಿಡಲು ನಾವು ಪ್ರತ್ಯೇಕವಾಗಿ ಒಂದು ಬ್ಯಾಟರಿ ಕೊಂಡೆವು.

ಆ ಎರಡನೆಯ ಓದು ನಡೆಯುತ್ತಿದ್ದಾಗಲೇ ಸುದ್ದಿ ಹಬ್ಬಿ, ಹಿಂದಿನ ಲೈನಿನ ಮುದುಕರೊಬ್ಬರು ಬಂದರು. ಮೂವತ್ತು ವರ್ಷ ಕೆಳಗಿಳಿದು ದುಡಿದವರು. ಮನೆಮಾತು ತಮಿಳು, ನನ್ನೊಡನೆ ಕನ್ನಡ.

“ಮೈನ್ ಓಪನ್ ಮಾಡಿದೀರಂತೆ ಸಾರ್?” ಎಂದು ಬಾಗಿಲಲ್ಲೇ ಕೇಳಿದರು. ಒಳಗೆ ಕರೆದು ತೋರಿಸಿದೆ. ಡಬ್ಬಿಯನ್ನು ಬಹಳ ಹೊತ್ತು ದಿಟ್ಟಿಸಿ, “ಟನ್ನಿಗೆ ಎಷ್ಟು ಬೀಳ್ತದೆ?” ಎಂದರು.

“ಏನೂ ಬೀಳುವುದಿಲ್ಲ. ಇದು ಅಗೆಯುವುದಿಲ್ಲ. ಬೇರೆಯವರು ಅಗೆದು ತಂದದ್ದು ಸಾಚಾ ಹೌದೋ ಅಲ್ಲವೋ ಎಂದು ನೋಡುತ್ತದೆ, ಅಷ್ಟೆ. ಸಂಬಳ ಕೂಡ ಇಲ್ಲ.”

“ಓ, ಅಸ್ಸೇ ಆಫೀಸು!” ಎಂದರು ಮುದುಕರು. ನಾನು ಎರಡು ವಾರ ತಡಕಾಡುತ್ತಿದ್ದ ಉಪಮಾನ ಅವರ ಬಾಯಿಂದ ಒಂದು ಕ್ಷಣದಲ್ಲಿ ಬಂತು. ಅದಿರಿನ ಚೂರನ್ನು ಕುಲುಮೆಗೆ ಹಾಕಿ ಅದರಲ್ಲಿ ಚಿನ್ನ ಎಷ್ಟು ಎಂದು ಹೇಳುವ ಕೋಣೆ ಅದು. ಗಣಿಯ ಹಣೆಬರಹ ಅಲ್ಲಿಯ ಕಾಗದದಲ್ಲಿರುತ್ತಿತ್ತು.

“ಆ ಕಾಗದ ನಾನು ಒಂದು ದಿನಾನೂ ನೋಡಿಲ್ಲ ಸಾರ್. ಚಿನ್ನಾನೂ ನೋಡಿಲ್ಲ. ಕಲ್ಲು ನೋಡಿದೀನಿ. ನಾವು ಮೇಲೆ ಬಂದ್ರೆ ನಮ್ಮನ್ನ ನೋಡೋರು, ಮೈಯೆಲ್ಲ ತಡವಿ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದಕ್ಕೆ ಹೆಬ್ಬೆಟ್ಟು ಬೇಕಾ?” ಎಂದು ಕೇಳಿದರು. ಬೇಡ ಎಂದೆ. ಅವರು ನಕ್ಕರು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ಕಟ್ಟಳೆಯನ್ನು ಒಪ್ಪದೆ ಇಲ್ಲಿಯ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಅದರ ಕಥೆಯನ್ನು ಅವರು ತಮ್ಮ ತಾತನ ಬಾಯಿಂದ ಕೇಳಿದ್ದರಂತೆ.

ಅವರು ಹೋದ ಮೇಲೆ ನನಗೆ ಬಹಳ ಹೊತ್ತು ಓದಲಾಗಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಬಂದಿತು. 1956ರಲ್ಲಿ ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. ಆ ನಡುವಿನ ಮುಕ್ಕಾಲು ಶತಮಾನ ಅಗೆದವರು ಇಲ್ಲಿ, ಷೇರಿನವರು ಲಂಡನ್ನಿನಲ್ಲಿ. ಒಟ್ಟಾರೆ ಈ ನೆಲದಿಂದ ಹೊರಗೆ ಹೋದ ಚಿನ್ನ ಸುಮಾರು 800 ಟನ್ ಎನ್ನುತ್ತಾರೆ. ಆ ಲೆಕ್ಕದ ಒಂದು ಸಾಲನ್ನಾದರೂ ಲೈನಿನ ಮನೆಯವರು ತಮ್ಮ ಕಣ್ಣಿಂದ ತಾಳೆ ನೋಡಿದ್ದುಂಟೆ?

ಲೆಕ್ಕ ಸಿದ್ಧವಾಯಿತು. ಹಣದ ಚೀಲ ತೆರೆಯುವ ದಿನ ಯಂತ್ರ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳನ್ನು ತೋರಿಸಿ, ಬರೆದಿಟ್ಟುಕೊಳ್ಳಿ ಎಂದಿತು. ಬೀಗದ ಕೈಯೆಂದರೆ ಆ ಪದಗಳೇ. 2048 ಪದಗಳ ಒಂದು ನಿಘಂಟಿನಿಂದ ಅವುಗಳನ್ನು ಆಯುತ್ತಾರೆ. ಅಂಥ ಪದಪಟ್ಟಿ ಜಪಾನಿ, ಕೊರಿಯನ್, ಚೀನಿ, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ಝೆಕ್, ಪೋರ್ಚುಗೀಸ್ ಭಾಷೆಗಳಲ್ಲಿಯೂ ಉಂಟು, ಕನ್ನಡದಲ್ಲಿ ಇಲ್ಲ. ನನಗೆ ಇದು ನೋವಾಯಿತು. ಇಂಗ್ಲಿಷಿನ ಪಟ್ಟಿಯನ್ನು ತರಿಸಿಕೊಂಡು ಒಂದು ರಾತ್ರಿ ಕುಳಿತು ಓದಿದೆ. ಚಿನ್ನಕ್ಕೆ ಪದವಿದೆ, ದುಡಿಮೆಗೆ ಇದೆ, ಸುರಂಗ, ಏಣಿ, ಲೋಹ, ಧೂಳು, ಎಲ್ಲಕ್ಕೂ ಇವೆ. ಗಣಿ ಎಂಬುದಕ್ಕೆ ಮಾತ್ರ ಇಲ್ಲ. ನಮ್ಮೂರಿನ ಇಂದಿನ ಸ್ಥಿತಿಯನ್ನು ಇಷ್ಟು ಸಂಕ್ಷೇಪವಾಗಿ ಯಾವ ಕವಿಯೂ ಹೇಳಿರಲಾರ.

ಆ ಕಾಗದವನ್ನು ಎಲ್ಲಿಡುವುದು ಎಂದು ಚರ್ಚೆಯಾಯಿತು. ಅಮ್ಮನ ಬೀರುವೇ ಸರಿಯೆಂದು ತೀರ್ಮಾನವಾಯಿತು. ಅಮ್ಮ ಕಾಗದ ಹಿಡಿದು ಕೇಳಿದರು:

“ಇದು ಕಳೆದುಹೋದರೆ?”

“ಹಣ ಹೋದ ಹಾಗೆ ಅಜ್ಜಿ.”

“ಯಾರಾದರೂ ಕದ್ದರೆ?”

“ಹೋದ ಹಾಗೆ.”

“ಯಾರನ್ನ ಕೇಳೋದು?”

“ಯಾರನ್ನೂ ಕೇಳೋ ಹಾಗಿಲ್ಲ.”

ಅಮ್ಮ ಮಾತಾಡದೆ ಬೀರುವಿನ ಬಾಗಿಲು ತೆರೆದರು. ಬಾಗಿಲ ಒಳಮೈಯಲ್ಲಿ ಇದ್ದಿಲಿನಿಂದ ಎಳೆದ ಸಾಲು ಗೀಟುಗಳು. ಹುಡುಗ ಚಿಕ್ಕಂದಿನಿಂದ ಅವನ್ನು ನೋಡಿದ್ದಾನೆ, ಏನೆಂದು ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಅಂದು ಅಮ್ಮನೇ ಹೇಳಿದರು.

ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ಅಕ್ಕನ ಮದುವೆಗೆಂದು ಅಮ್ಮ ಬೀದಿಯವರೊಬ್ಬರ ಬಳಿ ಚೀಟಿ ಹಾಕಿದ್ದರು. ನಲವತ್ತು ಜನ, ನಲವತ್ತು ತಿಂಗಳು, ತಿಂಗಳಿಗೆ 500 ರೂಪಾಯಿ. ಕೊನೆಗೆ ಎತ್ತಿದರೆ ಪೂರ್ತಿ ಹಣ ಬರುತ್ತದೆಂದು ಕಾಯುತ್ತಿದ್ದರು. ಕಂತು ಕಟ್ಟಿ ಬಂದ ದಿನ ಒಂದು ಗೀಟು. ಮೂವತ್ತೊಂದು ಗೀಟಾದ ಮೇಲೆ ಚೀಟಿಯವರು ರಾತ್ರೋರಾತ್ರಿ ಊರು ಬಿಟ್ಟರು; ಲೆಕ್ಕದ ಪುಸ್ತಕವೂ ಅವರೊಂದಿಗೆ ಹೋಯಿತು. ಮರುದಿನ ಹೆಂಗಸರೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಸೇರಿದ್ದು ನನಗೆ ನೆನಪಿದೆ. ಒಬ್ಬಾಕೆ ತಮಿಳು ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿದ್ದಳು. ಒಬ್ಬಾಕೆ ದಾರಕ್ಕೆ ಗಂಟು ಹಾಕಿದ್ದಳು. ಇನ್ನೊಬ್ಬಾಕೆ ರೇಷನ್ ಕಾರ್ಡಿನ ಹಿಂದೆ ಬರೆದಿದ್ದಳು. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ತಿಳಿಯಿತು: ಇಪ್ಪತ್ತೊಂಬತ್ತನೆಯ ತಿಂಗಳ ಚೀಟಿಯನ್ನು ಆತ ಇಬ್ಬರಿಗೆ ಎತ್ತಿಕೊಟ್ಟಿದ್ದ. ‘ನಿಮ್ಮದೇ ಚೀಟಿ, ಹಣ ಮುಂದಿನ ವಾರ’ ಎಂದು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದ್ದ. ಇಬ್ಬರೂ ಗುಟ್ಟಾಗಿ ಸಂತೋಷಪಡುತ್ತ ಕಾಯುತ್ತಿದ್ದರು.

ಹುಡುಗ ಬಾಗಿಲಿನ ಗೀಟುಗಳನ್ನೇ ನೋಡುತ್ತ ನಿಂತಿದ್ದ. ಅವನ ತಾಯಿಯ ಮದುವೆ ಒಂದೂವರೆ ವರ್ಷ ಮುಂದೆ ಹೋಗಿತ್ತು. ಆಮೇಲೆ ಮೆಲ್ಲನೆ, “ಅಜ್ಜಿ, ಇದೇ ಕಷ್ಟಕ್ಕೇ ಆ ಲೇಖನ ಬರೆದದ್ದು. ಒಂದೇ ದುಡ್ಡನ್ನ ಇಬ್ಬರಿಗೆ ಕೊಡೋ ಮೋಸ. ನೀವು ಜಗಲಿಯಲ್ಲಿ ಕೂತು ಕೊನೆಗೆ ಮಾಡಿದ್ದನ್ನ ಇದು ಹತ್ತು ನಿಮಿಷಕ್ಕೊಂದು ಸಲ ಮಾಡುತ್ತೆ” ಎಂದ.

“ನಾನು ಕಟ್ಟಿದ ಮೂವತ್ತೊಂದು ಕಂತು ಅದರಲ್ಲಿ ಇದೆಯೇನೋ?”

“ಇಲ್ಲ ಅಜ್ಜಿ. ಅದರಲ್ಲಿ ಬರೆದದ್ದು ಮಾತ್ರ ಇರುತ್ತೆ.”

“ಆತನ ಹೆಂಡತಿ ಇವನು ಹುಟ್ಟಿದಾಗ ನನಗೆ ಹನ್ನೊಂದು ದಿನ ನೀರು ಹಾಕಿದಳು” ಎಂದರು ಅಮ್ಮ, ನನ್ನ ಕಡೆ ಕೈತೋರಿಸಿ. “ಆ ನಂಬಿಕೆಯ ಮೇಲೆ ದುಡ್ಡು ಕೊಟ್ಟೆ. ಅದನ್ನ ಬರೆದುಕೊಳ್ಳೋ ಯಂತ್ರ ಇದೆಯಾ?” ಹುಡುಗನ ಬಳಿ ಉತ್ತರವಿರಲಿಲ್ಲ. ಅಮ್ಮ ಕಾಗದವನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ಬೀರುವಿಗೆ ಬೀಗ ಹಾಕಿದರು.

ಇನ್ನು ಹಣ ಬರಬೇಕು. ದೊಡ್ಡ ಪುಸ್ತಕದಲ್ಲಿ ಚಿಲ್ಲರೆ ವ್ಯವಹಾರ ಬರೆಯಿಸುವುದು ನಿಧಾನ, ಶುಲ್ಕವೂ ಉಂಟು. ಅದಕ್ಕಾಗಿ ಲೈಟ್ನಿಂಗ್ ಎಂಬ ಏರ್ಪಾಡು: ಇಬ್ಬರು ಒಂದಿಷ್ಟು ಹಣವನ್ನು ದೊಡ್ಡ ಪುಸ್ತಕದಲ್ಲಿ ಕಟ್ಟಿಟ್ಟು, ಅಂಗಡಿಯ ಖಾತೆಯಂತೆ ತಮ್ಮೊಳಗೆ ಕೊಟ್ಟು ತೆಗೆದುಕೊಂಡು, ಮುಗಿದಾಗ ಬಾಕಿಯನ್ನು ಮಾತ್ರ ಬರೆಯಿಸುವುದು. ಹಳೆಯ ಚೀಟಿ ತೋರಿಸಿ ಮೋಸ ಮಾಡಲು ಹೊರಟವನ ಪಾಲನ್ನೂ ಎದುರಿನವನು ಕಿತ್ತುಕೊಳ್ಳಬಹುದು. ಆದರೆ ಅದಕ್ಕೆ ಅವನ ಯಂತ್ರ ಎಚ್ಚರವಾಗಿರಬೇಕು. ನಾವು ಒಂದು ಖಾತೆ ತೆರೆದೆವು. ಕಳಿಸಲು ಬರುತ್ತಿತ್ತು, ತೆಗೆದುಕೊಳ್ಳಲು ಬರಲಿಲ್ಲ! ಕಟ್ಟಿದ ಹಣವೆಲ್ಲ ನಮ್ಮ ಬದಿಯಲ್ಲೇ ಇದ್ದುದರಿಂದ ಆಚೆಯಿಂದ ಬರಲು ಏನೂ ಇರಲಿಲ್ಲ. ನನಗೆ ಇದು ತಲೆಗೆ ಹತ್ತಲಿಲ್ಲ. ಹಿಂದಿನ ಲೈನಿನ ಮುದುಕರೇ ಮತ್ತೆ ಬಿಡಿಸಿದರು: “ಶಾಫ್ಟಲ್ಲಿ ಎರಡು ಕೇಜು ಸಾರ್, ಡ್ರಮ್ಮು ಒಂದೇ. ಒಂದು ಇಳಿದ್ರೇನೇ ಇನ್ನೊಂದು ಏರೋದು. ನಿಮ್ಮದು ಆಗ್ಲೇ ಮೇಲಿದ್ರೆ ಇನ್ನೆಲ್ಲಿಗೆ ಏರ್ತದೆ?” ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೇ ತನ್ನ ಕಡೆಯಿಂದ ನಮ್ಮ ಪೆಟ್ಟಿಗೆಗೆ ಒಂದು ಖಾತೆ ತೆರೆದ.

ಕಾಯಿದೆಯ ಮಾತನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ರಿಸರ್ವ್ ಬ್ಯಾಂಕು ಇಂಥ ವ್ಯವಹಾರದವರಿಗೆ ಸೇವೆ ಕೊಡಕೂಡದೆಂದು ಬ್ಯಾಂಕುಗಳಿಗೆ ಹೇಳಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಇದು ನಮ್ಮ ದೇಶದಲ್ಲಿ ಚಲಾವಣೆಯ ಹಣವಲ್ಲ. 2022ರ ಏಪ್ರಿಲ್ 1ರಿಂದ ಇದರ ಲಾಭದ ಮೇಲೆ ನೂರಕ್ಕೆ 30ರಷ್ಟು ತೆರಿಗೆ. ನಷ್ಟವಾದರೆ ಅದನ್ನು ಬೇರೆ ಯಾವ ಲಾಭದೊಡನೆಯೂ ಸರಿದೂಗಿಸಿಕೊಳ್ಳುವಂತಿಲ್ಲ. ಬೆಲೆ ಒಂದೇ ವರ್ಷದಲ್ಲಿ ಅರ್ಧಕ್ಕಿಳಿದದ್ದೂ ಉಂಟು. ಅಮ್ಮನ ಪಿಂಚಣಿಯನ್ನು ಇದರಲ್ಲಿ ಹಾಕೋಣ ಎಂದು ಯಾರಾದರೂ ಹೇಳಿದರೆ ನಾನೇ ಪ್ಲಗ್ಗು ಕೀಳುತ್ತೇನೆ.

ಒಂದು ರಾತ್ರಿ ಊಟ ಮುಗಿಸಿ ಕೂತಿದ್ದಾಗ ಹುಡುಗ, “ಬಂತು ಮಾವ!” ಎಂದು ಕೂಗಿದ. ಪರದೆಯ ಮೇಲೆ ಒಂದು ಸಾಲು: 1300 ಸತೋಶಿ. ಹತ್ತು ಕೋಟಿ ಸತೋಶಿಗೆ ಒಂದು ಬಿಟ್‌ಕಾಯಿನ್. ನಮಗೆ ಬಂದದ್ದು, ಆ ದಿನದ ದರದಲ್ಲಿ, ಒಂದು ಪುಸ್ತಕದ ಬೆಲೆ. ಅದನ್ನು ಹೊರದೇಶಕ್ಕೆ ಕಳಿಸುವ ಅಂಚೆವೆಚ್ಚ ಬೆಲೆಯ ಎಷ್ಟೋ ಪಾಲು ಎಂದು ನನ್ನ ಹೆಂಡತಿ ನೆನಪಿಸಿದಳು. ಪುಣ್ಯಕ್ಕೆ ಶಿಷ್ಯನೇ ಬರೆದಿದ್ದ: ‘ಪುಸ್ತಕ ಕಳಿಸಬೇಡಿ ಸಾರ್. ಊರಿನಲ್ಲಿ ಓದುವವರಿಗೆ ಕೊಡಿ.’ ಮುದುಕರ ಮೊಮ್ಮಗಳು ನನ್ನ ತರಗತಿಯಲ್ಲಿದ್ದಾಳೆ, ಅವಳಿಗೆ ಕೊಟ್ಟೆ. ಮಂಚದ ಕೆಳಗಿನ ಕಟ್ಟು ಒಂದು ಪ್ರತಿಯಷ್ಟು ಹಗುರವಾಯಿತು.

ಅಂದು ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಅಮ್ಮನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಬೀರುವಿನ ಬಾಗಿಲು ತೆರೆದಿತ್ತು. ಮೂವತ್ತೊಂದು ಗೀಟುಗಳ ಕೆಳಗೆ, ಸ್ವಲ್ಪ ಜಾಗ ಬಿಟ್ಟು, ಅಮ್ಮ ಒಂದು ಹೊಸ ಗೀಟು ಎಳೆಯುತ್ತಿದ್ದರು.

“ಇದೇನಮ್ಮ?” ಎಂದೆ.

“ನಿಮ್ಮ ಪೆಟ್ಟಿಗೆ ಬರೆದುಕೊಂಡಿತಲ್ಲ, ನಾನೂ ಬರೆದುಕೊಂಡೆ” ಎಂದರು ಅಮ್ಮ. “ಇಬ್ಬರು ನೋಡಿದರೆ ಒಳ್ಳೇದು.”